ಕತ್ತಲೆ ಹಾಲ್‌ನಲ್ಲಿ ಫ್ಲ್ಯಾಷ್‌ಗೆ ಮಾತ್ರ ಏಕೆ ನಿಷೇಧ?

ಶಾಲಾ ವಾಲಿಬಾಲ್ ನಡೆಯುವ ಒಳಾಂಗಣಗಳ ಬಾಗಿಲಲ್ಲಿ ಅನೇಕ ಕಡೆ ಒಂದು ಹಾಳೆ ಅಂಟಿಸಿರುತ್ತಾರೆ: ಫ್ಲ್ಯಾಷ್ ಬಳಸಿ ಫೋಟೊ ತೆಗೆಯುವುದನ್ನು ನಿಷೇಧಿಸಲಾಗಿದೆ. ಅದನ್ನು ಓದಿಕೊಂಡು ಒಳಗೆ ಹೋದರೆ ಉದ್ಘಾಟನೆ ನಡೆದಿರುತ್ತದೆ. ಮುಖ್ಯ ಅತಿಥಿಗಳು ಸಾಲಾಗಿ ನಿಂತ ಮಕ್ಕಳ ಕೈಕುಲುಕುತ್ತ ಬರುತ್ತಿರುತ್ತಾರೆ. ಅವರ ಮುಂದೆ ಹಿಮ್ಮುಖವಾಗಿ ನಡೆಯುವ ಇಬ್ಬರು ಕ್ಯಾಮೆರಾದವರು ಮಕ್ಕಳ ಮುಖದಿಂದ ಆರಡಿ ದೂರದಲ್ಲಿ ಫ್ಲ್ಯಾಷ್ ಹೊಡೆಯುತ್ತಿರುತ್ತಾರೆ. ಪಕ್ಕದಲ್ಲಿ ವಿಡಿಯೊದವನ ಲೈಟು ಬೇರೆ. ಯಾರೂ ಚಕಾರ ಎತ್ತುವುದಿಲ್ಲ. ಶಾಲು, ಹಾರ, ಹೂಗುಚ್ಛ ಮುಗಿದು, ಅತಿಥಿಗಳು ಸಾಂಕೇತಿಕವಾಗಿ ಒಂದು ಸರ್ವ್ ಹೊಡೆದು, ಅದು ನೆಟ್‌ಗೆ ಬಿದ್ದು, ಚಪ್ಪಾಳೆಯೂ ಆಗಿ, ಅವರು ಕಾರು ಹತ್ತಿದ ಮೇಲೆ ರೆಫರಿ ಸೀಟಿ ಊದುತ್ತಾರೆ. ನಿಷೇಧ ಜಾರಿಗೆ ಬರುವುದು ಆಗ.

ಅಂದರೆ ಬೆಳಕು ಅತಿಥಿಗೆ, ಕತ್ತಲೆ ಆಟಕ್ಕೆ. ಸಂಜೆ ಶಾಲೆಯ ವಾಟ್ಸ್ಯಾಪ್ ಗುಂಪಿಗೆ ಬರುವ ಫೋಟೊಗಳನ್ನು ನೋಡಿ. ಶಾಲು ಹೊದಿಸಿದ್ದು ಸ್ಪಷ್ಟವಾಗಿದೆ, ಕಪ್ಪು ಹಿಡಿದು ನಿಂತದ್ದು ಸ್ಪಷ್ಟವಾಗಿದೆ, ಪ್ರಿನ್ಸಿಪಾಲರ ಕನ್ನಡಕದ ಹೊಳಪು ಕೂಡ ಸ್ಪಷ್ಟವಾಗಿದೆ. ನಡುವೆ ಮೂರು ಗಂಟೆ ನಡೆದ ಆಟದ್ದು ಎನ್ನಲು ಇರುವುದು ನಾಲ್ಕು ಮಸಕು ಚಿತ್ರ. ಹಳದಿ ಮಂಜಿನಲ್ಲಿ ತೇಲುವ ಕೈಕಾಲುಗಳು, ಚೆಂಡಿರಬೇಕಾದಲ್ಲಿ ಒಂದು ಬಿಳಿ ಗೀಟು. ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸ ಮಾಡಿದ ಹುಡುಗಿ ನೆಟ್‌ಗಿಂತ ಒಂದು ಗೇಣು ಮೇಲೆ ಹಾರಿ ಹೊಡೆದದ್ದು ಎಲ್ಲಿಯೂ ದಾಖಲಾಗಿಲ್ಲ.

ಈ ನಿಷೇಧ ಹೋಗಬೇಕು. ಯಾರು ಬೇಕಾದರೂ ಹೇಗೆ ಬೇಕಾದರೂ ಫ್ಲ್ಯಾಷ್ ಹೊಡೆಯಲಿ ಎಂದು ಇದರ ಅರ್ಥವಲ್ಲ. ಗ್ಯಾಲರಿಯ ಮೊಬೈಲ್ ಫ್ಲ್ಯಾಷ್, ಅಂಕಣದ ಪಕ್ಕದಲ್ಲಿ ಕೂತವನ ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್, ಇವೆರಡನ್ನೂ ಈಗಿರುವುದಕ್ಕಿಂತ ಬಿಗಿಯಾಗಿ, ಅತಿಥಿಯ ಕ್ಯಾಮೆರಾದವರಿಗೂ ಸೇರಿಸಿ, ತಡೆಯಲಿ. ಆದರೆ ಮೊದಲೇ ಅನುಮತಿ ಪಡೆದು, ಎತ್ತರದಲ್ಲಿ ಭದ್ರವಾಗಿ ಕಟ್ಟಿ, ನಿಯಮಕ್ಕೆ ಒಳಪಟ್ಟು ಹೊಡೆಯುವ ಸ್ಟ್ರೋಬ್ ದೀಪಗಳಿಗೆ ಪ್ರತಿಯೊಂದು ಶಾಲಾ ಒಳಾಂಗಣ ಪಂದ್ಯಾವಳಿಯಲ್ಲೂ ಜಾಗ ಇರಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ನಿಷೇಧಿಸುವುದು, ಬೀಡಿಯ ಕಿಡಿಗೆ ಹೆದರಿ ಅಡುಗೆಮನೆಯ ಒಲೆಯನ್ನೂ ಆರಿಸಿದಂತೆ.

ಸ್ಟ್ರೋಬ್ ಎಂಬ ಪದವೇ ಅರ್ಧ ಜಗಳಕ್ಕೆ ಕಾರಣ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಸಮಿತಿಯವರ ಕಣ್ಣ ಮುಂದೆ ಬರುವುದು ಡಿಜೆ ಮೆರವಣಿಗೆಯ ಪಟಪಟ ದೀಪ. ಕ್ರೀಡಾ ಛಾಯಾಗ್ರಹಣದ ಸ್ಟ್ರೋಬ್ ಹಾಗಲ್ಲ. ಅದು ಕ್ಯಾಮೆರಾದಿಂದ ದೂರ, ಹಾಲ್‌ನ ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿದ ಫ್ಲ್ಯಾಷ್. ಕ್ಯಾಮೆರಾದ ಮೇಲಿನ ಚಿಕ್ಕ ರೇಡಿಯೊ ಟ್ರಿಗರ್ ಹೇಳಿದಾಗ ಒಮ್ಮೆ ಮಿಂಚಿ ಸುಮ್ಮನಾಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಷನ್ನು ಪಳಗಿಸಿದಾಗಿನಿಂದ ವೇಗದ ಆಟವನ್ನು ಒಳಾಂಗಣದಲ್ಲಿ ನಿಲ್ಲಿಸಿ ನೋಡುವ ದಾರಿ ಇದೇ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಸ್ಟ್ರೋಬ್‌ಗಳನ್ನು ಚಾವಣಿಯಲ್ಲೇ ಕಟ್ಟಿಟ್ಟಿರುತ್ತಾರೆ. ಅಲ್ಲಿನ ಹೈಸ್ಕೂಲು ಜಿಮ್‌ಗಳಲ್ಲಿ ಸ್ಥಳೀಯ ಛಾಯಾಗ್ರಾಹಕರು ಗ್ಯಾಲರಿಯ ಕಂಬಿಗೆ ಎರಡು ದೀಪ ಬಿಗಿದು ವಾಲಿಬಾಲ್ ತೆಗೆಯುವುದು ಹಳೆಯ ರೂಢಿ. ಕೆಲವು ಸಂಘಟಕರು ಒಪ್ಪುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ಜಗಳ ಅಲ್ಲಿಯೂ ಇದೆ. ಆದರೆ ಯಾವ ದೀಪ, ಎಲ್ಲಿ, ಎಷ್ಟು ಹೊತ್ತಿಗೊಮ್ಮೆ ಎಂಬ ಲೆಕ್ಕದ ಮೇಲೆ ನಡೆಯಬೇಕಾದ ಜಗಳ ಅದು. ಇಲ್ಲಿ ಹಾಳೆ ಅಂಟಿಸಿದರೆ ಮುಗಿಯಿತು.

ಇನ್ನು ಕತ್ತಲೆಯ ಲೆಕ್ಕ. ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ನಿನ ನಿಯಮಪುಸ್ತಕ ದೊಡ್ಡ ಪಂದ್ಯಗಳಿಗೆ ಬಹುಕಾಲ ಕೇಳುತ್ತಿದ್ದುದು ಅಂಕಣದಿಂದ ಒಂದು ಮೀಟರ್ ಎತ್ತರದಲ್ಲಿ ಅಳೆದರೆ 1000ದಿಂದ 1500 ಲಕ್ಸ್ ಬೆಳಕು. ದೊಡ್ಡ ಪಂದ್ಯಗಳಲ್ಲಿ ಛಾಯಾಗ್ರಾಹಕರಿಗೆ ಫ್ಲ್ಯಾಷ್ ಬೇಕಾಗದಿರುವುದು ಇದರಿಂದಲೇ. ಟಿವಿಗಾಗಿ ಸುರಿದ ಬೆಳಕು ಅವರಿಗೂ ಸಾಕಾಗುತ್ತದೆ. ಶಾಲೆಯ ಹಾಲ್‌ನಲ್ಲಿ 300 ಲಕ್ಸ್ ಸಿಕ್ಕರೆ ಪುಣ್ಯ ಎನ್ನಬೇಕು. ಎರಡು ದೀಪ ಕೆಟ್ಟಿದ್ದರೆ, ಉಳಿದವಕ್ಕೆ ಧೂಳು ಕೂತಿದ್ದರೆ, ಅದರಲ್ಲಿ ಅರ್ಧ. 300 ಲಕ್ಸ್‌ನಲ್ಲಿ, ಎಫ್ 2.8ರ ದುಬಾರಿ ಲೆನ್ಸ್ ಹಾಕಿ, ಸೆಕೆಂಡಿನ 500ರಲ್ಲೊಂದು ಭಾಗಕ್ಕೆ ಶಟರ್ ಇಟ್ಟರೆ, ಬೇಕಾಗುವ ಐಎಸ್‌ಒ ಸುಮಾರು 3200. ಆ ಶಟರ್ ವಾಲಿಬಾಲ್‌ಗೆ ಸಾಲದು. ಗಂಟೆಗೆ 60 ಕಿಲೋಮೀಟರ್ ವೇಗದ ಹೊಡೆತ, ಹೈಸ್ಕೂಲಿನ ಗಟ್ಟಿ ಹುಡುಗರಿಗೆ ದೊಡ್ಡ ಮಾತೇನಲ್ಲ, ಅಷ್ಟರಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. 21 ಸೆಂಟಿಮೀಟರ್ ಅಗಲದ ಚೆಂಡು ಮೊಟ್ಟೆಯಾಗುತ್ತದೆ, ಹೊಡೆದ ಅಂಗೈ ಬೀಸಣಿಗೆಯಾಗುತ್ತದೆ. 1000ದಲ್ಲೊಂದಕ್ಕೆ ಹೋದರೆ ಐಎಸ್‌ಒ 6400. ಹಾಲ್‌ನ ಬೆಳಕು 150 ಲಕ್ಸ್ ಆದರೆ 12800. ಕ್ಯಾಮೆರಾದ ಜೊತೆ ಬಂದ ಸಾಮಾನ್ಯ ಲೆನ್ಸ್ ಜೂಮ್ ಮಾಡಿದಾಗ ಎಫ್ 5.6 ಮಾತ್ರ ಕೊಡುತ್ತದೆ, ಆಗ 51200. ಅಲ್ಲಿಗೆ ಅದು ಚಿತ್ರವಾಗಿ ಉಳಿಯುವುದಿಲ್ಲ, ರವೆಯಾಗುತ್ತದೆ.

‘ಈಗಿನ ಕ್ಯಾಮೆರಾಗಳು ಕತ್ತಲೆಯಲ್ಲೂ ತೆಗೆಯುತ್ತವೆ, ಫ್ಲ್ಯಾಷ್ ಯಾಕೆ’ ಎಂದು ಕೇಳುವವರು ಬಹಳ. ತೆಗೆಯುತ್ತವೆ, ನಿಜ. ಅಂಥ ಕ್ಯಾಮೆರಾ ಮತ್ತು ಅದಕ್ಕೊಪ್ಪುವ 70–200 ಎಂಎಂ ಎಫ್ 2.8 ಲೆನ್ಸ್ ಸೇರಿದರೆ ಲಕ್ಷಗಳಲ್ಲಿ ಮಾತಾಡಬೇಕು. ಅದನ್ನು ತರಬಲ್ಲವರು ಶ್ರೀಮಂತ ಶಾಲೆಗಳು ಮಾತ್ರ. ಅವುಗಳ ಹಾಲ್‌ಗಳಲ್ಲಿ ಬೆಳಕಿಗೂ ಕೊರತೆಯಿಲ್ಲ. ಕೈಯಿಂದಲೇ ಶಕ್ತಿ ಹೊಂದಿಸುವ ಒಂದು ಸಾದಾ ಫ್ಲ್ಯಾಷ್ ಐದಾರು ಸಾವಿರಕ್ಕೆ ಸಿಗುತ್ತದೆ. ಅಂಥವೆರಡು, ಒಂದು ಟ್ರಿಗರ್, ಎರಡು ಗಟ್ಟಿ ಕ್ಲಾಂಪ್, ಸೆಕೆಂಡ್ ಹ್ಯಾಂಡ್ ಡಿಎಸ್ಎಲ್‌ಆರ್ ಒಂದು, ಇಷ್ಟಿದ್ದರೆ ಪಿ.ಟಿ. ಮಾಸ್ತರರೋ ಹಳೆಯ ವಿದ್ಯಾರ್ಥಿಯೊಬ್ಬನೋ ಆ ಲಕ್ಷದ ಕ್ಯಾಮೆರಾ ನಾಚುವಂಥ ಚಿತ್ರ ತೆಗೆಯಬಹುದು. ಸ್ಟ್ರೋಬ್ ಬಡ ಶಾಲೆಯ ಸಾಧನ. ಅದನ್ನು ನಿಷೇಧಿಸಿದಾಗ ಏಟು ಬೀಳುವುದು ಬಡ ಶಾಲೆಗೇ. ಸಮಾನತೆಯ ಹೆಸರಿನಲ್ಲಿ ಎಲ್ಲರಿಗೂ ಒಂದೇ ನಿಯಮ ಮಾಡಿದ್ದೇವೆ ಎನ್ನುವ ಸಮಿತಿಗಳಿಗೆ ಇದು ಹೊಳೆದೇ ಇಲ್ಲವೋ, ಹೊಳೆದೂ ಸುಮ್ಮನಿದ್ದಾರೋ.

ಇನ್ನೊಂದು ತಮಾಷೆ ಇದೆ. ಹಾಲ್ ಕತ್ತಲೆಯಾದಷ್ಟೂ ಸ್ಟ್ರೋಬ್ ಚಿತ್ರ ಚೊಕ್ಕವಾಗುತ್ತದೆ. ಫ್ಲ್ಯಾಷ್ ಜೊತೆ ಹೊಂದಿಕೊಂಡು ನಡೆಯುವ ಶಟರ್‌ನ ಮಿತಿ ಸಾಮಾನ್ಯವಾಗಿ ಸೆಕೆಂಡಿನ 200 ಅಥವಾ 250ರಲ್ಲೊಂದು. ಅದು ಆಟ ನಿಲ್ಲಿಸಲು ಸಾಲದು. ನಿಲ್ಲಿಸುವುದು ಮಿಂಚಿನ ಗಿಡ್ಡತನ. ಕಾಲುಭಾಗ ಶಕ್ತಿಗೆ ಇಳಿಸಿದ ಚಿಕ್ಕ ಫ್ಲ್ಯಾಷ್ ಮಿಂಚುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದ ಆಸುಪಾಸು, ಹಲವು ಬಾರಿ ಅದಕ್ಕೂ ಕಡಿಮೆ. ಅಷ್ಟರಲ್ಲಿ ಅದೇ ಚೆಂಡು ಸರಿಯುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಹಾಲ್‌ನ ದೀಪಗಳ ಬೆಳಕು ಜೋರಾಗಿದ್ದರೆ ಅದೂ ಚಿತ್ರದಲ್ಲಿ ಸೇರಿಕೊಂಡು ಕೈಯ ಹಿಂದೆ ನೆರಳಿನ ಬಾಲ ಬಿಡುತ್ತದೆ. ಐಎಸ್‌ಒ 800, ಎಫ್ 4, ಶಟರ್ 250ರಲ್ಲೊಂದು ಎಂದಿಟ್ಟರೆ, 300 ಲಕ್ಸ್‌ನ ಹಾಲ್‌ನ ಬೆಳಕು ಚಿತ್ರಕ್ಕೆ ಬೇಕಾದ್ದರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 150 ಲಕ್ಸ್ ಆದರೆ ಎಂಟನೇ ಒಂದು ಭಾಗ. ಬಾಲ ಮಾಯ. ಶಾಲೆಯ ದರಿದ್ರ ಬೆಳಕು ಉಪಕಾರ ಮಾಡುವ ಒಂದೇ ಜಾಗ ಇದು.

ಆ ಬೆಳಕಿನ ಗುಣದ ಬಗ್ಗೆಯೂ ಒಂದು ಮಾತು. ಭಾರತದ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ, ಹಳೆಯ ಟ್ಯೂಬ್, ಮೆಟಲ್ ಹ್ಯಾಲೈಡ್, ಇವೆಲ್ಲ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1000ದಲ್ಲೊಂದರ ಶಟರ್‌ಗೆ ಕಾಣುತ್ತದೆ. ಒಂದು ಚಿತ್ರ ಹಳದಿ, ಮುಂದಿನದು ಹಸಿರು, ಅದರ ಮುಂದಿನದರ ಕೆಳಗರ್ಧ ಕಪ್ಪು. ಮಿನುಗುವ ದೀಪ ಮಕ್ಕಳ ಕಣ್ಣಿಗೆ ಕೆಟ್ಟದ್ದು ಎಂದು ಭಾಷಣ ಮಾಡುವವರು ಒಮ್ಮೆ ತಮ್ಮ ಚಾವಣಿ ನೋಡಿಕೊಳ್ಳಲಿ.

ನೇರ ಮೇಲಿನಿಂದ ಬೀಳುವ ಬೆಳಕು ಮುಖವನ್ನು ಕೊಲ್ಲುತ್ತದೆ. ಹಣೆ ಹೊಳೆಯುತ್ತದೆ, ಕಣ್ಣುಗಳಿರಬೇಕಾದಲ್ಲಿ ಎರಡು ಕಪ್ಪು ಗುಳಿ. ಎಣ್ಣೆಗಪ್ಪು, ಗೋಧಿ ಬಣ್ಣದ ಮುಖಗಳಿಗೆ ಇದು ಇನ್ನೂ ಕ್ರೂರ. ಮೊಬೈಲು ಅದನ್ನು ಸರಿಪಡಿಸಲು ಹೋಗಿ ನಾಲ್ಕಾರು ಚಿತ್ರಗಳನ್ನು ಒಂದರ ಮೇಲೊಂದು ಹೊಲಿದು, ಚರ್ಮ ನುಣುಪು ಮಾಡಿ, ಬಿಳಿ ಬಳಿದು, ಸುಣ್ಣದ ಗೊಂಬೆ ಕೊಡುತ್ತದೆ. ಹಾಸನದಿಂದ ಬಂದು ಥಾಣೆಯಲ್ಲಿ ನೆಲೆಸಿದ ಮನೆಯ ಹುಡುಗಿ ತನ್ನ ಅಜ್ಜಿಗೆ ಕಳಿಸುವ ಏಕೈಕ ವಾಲಿಬಾಲ್ ಚಿತ್ರದಲ್ಲಿ ಅವಳ ಬಣ್ಣವೂ ಅವಳದ್ದಲ್ಲ, ಕಣ್ಣೂ ಕಾಣುವುದಿಲ್ಲ. ಓರೆಯಿಂದ ಬರುವ ಸ್ಟ್ರೋಬ್ ಬೆಳಕು ಕಣ್ಣಿನ ಗುಳಿಯೊಳಗೆ ಹೋಗುತ್ತದೆ, ಬೆವರನ್ನು ಬೆವರಾಗಿ, ಕಪ್ಪನ್ನು ಕಪ್ಪಾಗಿ ತೋರಿಸುತ್ತದೆ.

ಈಗ ವಿರೋಧದ ಮಾತಿಗೆ ಬರೋಣ. ಅದರಲ್ಲಿ ಒಂದು ಗಟ್ಟಿ ಕಾಳಿದೆ. ವಾಲಿಬಾಲ್ ಆಡುವವರು ಮೇಲಕ್ಕೆ ನೋಡುತ್ತಾರೆ. ಕಬಡ್ಡಿಯಲ್ಲಿ ಹಾಗಿಲ್ಲ, ಬಾಸ್ಕೆಟ್‌ಬಾಲ್‌ನಲ್ಲೂ ಅಷ್ಟಿಲ್ಲ. ಸರ್ವ್ ತೆಗೆಯುವವಳು, ಲಿಫ್ಟ್ ಮಾಡುವವಳು, ಹೊಡೆಯಲು ಓಡಿಬರುವವಳು, ಎಲ್ಲರ ಕಣ್ಣೂ ಎತ್ತರದಲ್ಲಿ. ಎತ್ತರದಲ್ಲೇ ದೀಪ ಕಟ್ಟುತ್ತೇವೆಂದರೆ ಕೋಚ್ ಸಿಡುಕುವುದು ನ್ಯಾಯವೇ. ಚೆಂಡಿನ ಹಿಂದೆಯೇ ನೇರವಾಗಿ ಮಿಂಚು ಬಿದ್ದರೆ ಕಣ್ಣಲ್ಲಿ ಕ್ಷಣಕಾಲ ಕಲೆ ಉಳಿಯುತ್ತದೆ, ಪಾಯಿಂಟು ಹೋಗುತ್ತದೆ. ಇದನ್ನು ತಳ್ಳಿಹಾಕುವ ಛಾಯಾಗ್ರಾಹಕನನ್ನು ಹಾಲ್‌ನೊಳಗೇ ಬಿಡಬಾರದು.

ಆದರೆ ಇದಕ್ಕೆ ಉತ್ತರ ಇರುವುದು ದೀಪದ ಜಾಗದಲ್ಲಿ. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಒಂದೇ ಉದ್ದದ ಬದಿಯ ಎರಡು ತುದಿಗಳಲ್ಲಿ, ಅಂಕಣದಿಂದ ಮೂರು ಮೀಟರ್ ಆಚೆ, ಆರು ಮೀಟರ್ ಎತ್ತರದ ಗ್ಯಾಲರಿ ಕಂಬಿಗೆ ದೀಪ ಬಿಗಿದು ನೆಟ್‌ನ ಕಡೆ ತಿರುಗಿಸಿದರೆ, ತನ್ನ ಅಂಕಣದ ನಡುವೆ ನಿಂತು ನೆಟ್ ನೋಡುವ ಆಟಗಾರ್ತಿಗೆ ಎದುರಿನ ದೀಪ ನೇರ ಕಣ್ಣಿಗೆ ಬರುವುದಿಲ್ಲ. ಓರೆಯಲ್ಲಿ, ಹದಿನೈದು ಮೀಟರಿಗೂ ಆಚೆ ಇರುತ್ತದೆ. ಎರಡು ತಂಡಕ್ಕೂ ಒಂದೇ ಅಳತೆ. ಇದು ಮುಖ್ಯ, ಏಕೆಂದರೆ ಒಂದೇ ತುದಿಗೆ ದೀಪ ಕಟ್ಟಿದರೆ ನಿರ್ಣಾಯಕ ಸೆಟ್‌ನಲ್ಲಿ ಎಂಟು ಪಾಯಿಂಟಿಗೆ ಬದಿ ಬದಲಾಗುವವರೆಗೆ ಒಂದು ತಂಡಕ್ಕೆ ಅನ್ಯಾಯ. ಸರ್ವ್ ತೆಗೆಯುವ ಕ್ಷಣಕ್ಕೆ ಮಿಂಚಕೂಡದು ಎಂದೂ ಬರೆಯಬಹುದು. ಒಳ್ಳೆಯ ಛಾಯಾಗ್ರಾಹಕರು ಬರೆಯದೆಯೂ ಪಾಲಿಸುತ್ತಾರೆ. ಬಿಳಿ ಚಾವಣಿ ಇದ್ದು, ದೊಡ್ಡ ಸ್ಟುಡಿಯೊ ದೀಪ ತರುವ ಶಕ್ತಿಯಿದ್ದರೆ ಬೆಳಕನ್ನು ಚಾವಣಿಗೆ ಹೊಡೆದು ಕೆಳಗೆ ಚೆಲ್ಲುವಂತೆ ಮಾಡಬಹುದು, ಆಗ ಕಣ್ಣಿಗೆ ಕುಕ್ಕುವ ಬಿಂದುವೇ ಇರುವುದಿಲ್ಲ. ನೀಲಿ ತಗಡಿನ ಚಾವಣಿಗೆ ಈ ಉಪಾಯ ನಡೆಯದು, ಮಕ್ಕಳೆಲ್ಲ ಶ್ರೀಕೃಷ್ಣರಾಗುತ್ತಾರೆ.

ಹೋಲಿಸಿ ನೋಡಿ. ಅಂಕಣದ ಅಂಚಿನಲ್ಲಿ ಕೂತವನ ಕ್ಯಾಮೆರಾ ಮೇಲಿನ ಫ್ಲ್ಯಾಷ್ ನಾಲ್ಕು ಮೀಟರ್ ದೂರದ ಬ್ಲಾಕರ್‌ಗೆ ಹೊಡೆಯುವ ಬೆಳಕು, ಹದಿನಾರು ಮೀಟರ್ ದೂರದವಳಿಗೆ ತಲುಪುವುದರ ಹದಿನಾರು ಪಟ್ಟು. ಹತ್ತಿರದವಳು ಕುರುಡಾಗುತ್ತಾಳೆ, ದೂರದವಳು ಚಿತ್ರದಲ್ಲೇ ಇಲ್ಲ. ಗ್ಯಾಲರಿಯ ಮೊಬೈಲ್ ದೀಪದ್ದು ಇನ್ನೂ ವ್ಯರ್ಥ. ಅದು ಎರಡು ಮೂರು ಮೀಟರ್ ದಾಟುವುದಿಲ್ಲ, ಮುಂದಿನ ಸಾಲಿನವರ ಜಡೆ ಮಾತ್ರ ಬೆಳಗುತ್ತದೆ. ಈಗಿನ ನಿಷೇಧ ಈ ಎರಡನ್ನೂ ನಿಜವಾಗಿ ತಡೆಯುತ್ತಿಲ್ಲ. ನೂರು ಮೊಬೈಲುಗಳ ಹಿಂದೆ ಓಡುವ ಸ್ವಯಂಸೇವಕ ಎಲ್ಲಿದ್ದಾನೆ? ತಡೆಯುತ್ತಿರುವುದು ಬಾಗಿಲಲ್ಲಿ ಮರ್ಯಾದೆಯಿಂದ ‘ದೀಪ ಕಟ್ಟಬಹುದೇ’ ಎಂದು ಕೇಳಿದವನನ್ನು ಮಾತ್ರ.

ಮೂರ್ಛೆರೋಗದ ಭಯ ಎರಡನೆಯದು. ಇದನ್ನು ಹಗುರವಾಗಿ ಆಡಬಾರದು, ಹಾಗೆಂದು ಗೊಂದಲವನ್ನೂ ಬೆಳೆಸಬಾರದು. ಬೆಳಕಿನಿಂದ ಕೆರಳುವ ಮೂರ್ಛೆಗೆ ಸಾಮಾನ್ಯವಾಗಿ ಕಾರಣವಾಗುವುದು ಸೆಕೆಂಡಿಗೆ ಮೂರರಿಂದ ಮೂವತ್ತು ಬಾರಿಯ ಸತತ ಮಿನುಗು. ವಾಲಿಬಾಲ್ ಸ್ಟ್ರೋಬ್ ಒಂದು ಮಿಂಚಿನ ನಂತರ ಮತ್ತೆ ತುಂಬಿಕೊಳ್ಳಬೇಕು. ನಿಯಮ ಹಾಕಿದರೆ ಒಂದು ರ‍್ಯಾಲಿಗೆ ಒಂದೇ ಮಿಂಚು. ಆದರೂ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಹೇಳಬೇಕು, ಬಾಗಿಲಲ್ಲಿ ಬರೆಯಬೇಕು, ಅಂಥ ತೊಂದರೆ ಇರುವ ಒಂದು ಮಗು ತಂಡದಲ್ಲಿದ್ದರೂ, ಅದರ ಹೆತ್ತವರು ಬೇಡವೆಂದರೆ, ಆ ಪಂದ್ಯಕ್ಕೆ ದೀಪ ಆರಬೇಕು. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಕುತೂಹಲದ ಸಂಗತಿಯೆಂದರೆ, ಫ್ಲ್ಯಾಷ್ ನಿಷೇಧಕ್ಕೆ ಮೂರ್ಛೆಯ ಕಾರಣ ಕೊಡುವ ಶಾಲೆಗಳೇ ವಾರ್ಷಿಕೋತ್ಸವದ ವೇದಿಕೆಗೆ ಬಾಡಿಗೆಗೆ ತರುವ ಡಿಸ್ಕೊ ದೀಪ, ಆ ಅಪಾಯದ ವೇಗದಲ್ಲೇ, ಎರಡು ಗಂಟೆ ಸತತ ಮಿನುಗುತ್ತದೆ. ಆಗ ಮೂರ್ಛೆಯ ನೆನಪು ಯಾರಿಗೂ ಆಗುವುದಿಲ್ಲ.

ಮೂರನೆಯ ಮಾತು ಬಾಯಿಬಿಟ್ಟು ಯಾರೂ ಆಡುವುದಿಲ್ಲ: ರಗಳೆ ಬೇಡ. ಅನುಮತಿ ಕೊಟ್ಟರೆ ಜವಾಬ್ದಾರಿ ಬರುತ್ತದೆ, ಬಿದ್ದರೆ ಯಾರು, ಬೈದರೆ ಯಾರು. ಹಾಳೆ ಅಂಟಿಸಿದರೆ ಯಾರೂ ಅಲ್ಲ. ನಿಷೇಧದ ನಿಜವಾದ ತಾಯಿಬೇರು ಇದು; ಕಣ್ಣು, ಮೂರ್ಛೆ ಎಲ್ಲ ಅದಕ್ಕೆ ತೊಡಿಸಿದ ಅಂಗಿ.

ಛಾಯಾಗ್ರಾಹಕರ ಜಾತಿಯೇನೂ ಸಾಚಾ ಅಲ್ಲ. ಅಂಕಣದ ಪಕ್ಕದಲ್ಲೇ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದಕ್ಕೊಂದು ಮರಳುಚೀಲವನ್ನೂ ಕಟ್ಟದೆ, ವೈರನ್ನು ಹಾಗೇ ನೆಲದ ಮೇಲೆ ಹಾಸಿಬಿಡುವವರಿದ್ದಾರೆ. ವಾಲಿಬಾಲ್‌ನಲ್ಲಿ ಚೆಂಡಿನ ಹಿಂದೆ ಅಂಕಣದಾಚೆ ಓಡುವುದು ಆಟದ ಭಾಗ. ಅದಕ್ಕೇ ನಿಯಮ ಸುತ್ತ ಕನಿಷ್ಠ ಮೂರು ಮೀಟರ್ ಬಯಲು ಬಿಡಿಸಿದೆ. ಅಲ್ಲಿ ಸ್ಟ್ಯಾಂಡ್ ನಿಲ್ಲಿಸುವವನು ಮಗುವಿನ ಮೊಣಕಾಲಿಗೆ ಬಲೆ ಇಟ್ಟವನು. ಎತ್ತರದಲ್ಲಿ ಕಟ್ಟಿದ ಪ್ರತಿಯೊಂದು ದೀಪಕ್ಕೂ ಕ್ಲಾಂಪ್ ಅಲ್ಲದೆ ಬೇರೆಯಾಗಿ ಉಕ್ಕಿನ ತಂತಿಯೊಂದು ಇರಲೇಬೇಕು. ಕ್ಲಾಂಪ್ ಸಡಿಲವಾದರೂ ದೀಪ ತಂತಿಗೆ ನೇತಾಡಬೇಕೇ ಹೊರತು ಯಾರ ತಲೆಯ ಮೇಲೂ ಬೀಳಬಾರದು. ಗೋಡೆ ಅಂಕಣಕ್ಕೆ ಒಂದು ಮಾರು ದೂರದಲ್ಲೇ ಇದ್ದು, ಗ್ಯಾಲರಿಯೂ ಇಲ್ಲದ ಹಾಲ್‌ಗಳಿವೆ. ಅಲ್ಲಿ ಸ್ಟ್ರೋಬ್ ಬೇಡ. ಆ ಹಾಲ್‌ನಲ್ಲಿ ಪಂದ್ಯವೇ ಬೇಡ ಎನ್ನಬೇಕು, ಆದರೆ ಅದು ಬೇರೆ ಜಗಳ.

ವ್ಯಾಪಾರದವರು ಇನ್ನೊಂದು ಬಗೆ. ಒಂದು ರ‍್ಯಾಲಿಗೆ ಹತ್ತು ಬಾರಿ ಹೊಡೆದು, ಗುರುತುಮುದ್ರೆ ಒತ್ತಿ, ಹೆತ್ತವರಿಗೆ ಒಂದೊಂದು ಚಿತ್ರಕ್ಕೆ ಇಷ್ಟು ಎಂದು ಮಾರುತ್ತಾರೆ. ಹಣ ಇದ್ದವರ ಮಗ ಹಾರುತ್ತಾನೆ, ಇಲ್ಲದವರ ಮಗ ಹಾರುವುದಿಲ್ಲ. ಸ್ಟ್ರೋಬ್‌ಗೆ ಅನುಮತಿ ಕೊಡುವಾಗ ಹಾಕಬೇಕಾದ ಮೊದಲ ಷರತ್ತು, ಎರಡೂ ತಂಡದ ಎಲ್ಲ ಹನ್ನೆರಡು ಮಕ್ಕಳ, ಬೆಂಚಿನಲ್ಲಿ ಕೂತವರ ಸಮೇತ, ಚಿತ್ರ ಪುಕ್ಕಟೆಯಾಗಿ ಶಾಲೆಗೆ ಸೇರಬೇಕು ಎಂಬುದು.

ಒಂದು ರ‍್ಯಾಲಿಗೆ ಒಂದೇ ಮಿಂಚು ಎಂಬ ಷರತ್ತು ಛಾಯಾಗ್ರಾಹಕನಿಗೆ ಶಿಕ್ಷೆಯಂತೆ ಕಾಣಬಹುದು. ಅದು ವರ. ಸೆಕೆಂಡಿಗೆ ಇಪ್ಪತ್ತು ಚಿತ್ರ ಹೊಡೆಯುವ ಕ್ಯಾಮೆರಾ ಹಿಡಿದವನು ಆಟ ನೋಡಬೇಕಾಗಿಲ್ಲ, ಗುಂಡಿ ಒತ್ತಿ ಹಿಡಿದರೆ ಸಾಕು. ಅವನಿಗೆ ಸಿಗುವುದು ಯಾವಾಗಲೂ ನೆಟ್ ಬಳಿಯ ಹೊಡೆತ. ಒಂದೇ ಗುಂಡು ಇರುವವನು ಕಾಯಬೇಕು. ಪಾಸ್ ಸರಿಯಾಗಿ ಬಂತೇ, ಲಿಫ್ಟರ್‌ನ ಭುಜ ಯಾವ ಕಡೆ ತಿರುಗಿತು, ಚೆಂಡು ಹಿಂದಕ್ಕೆ ಹೋಗುತ್ತದೆಯೋ ಮುಂದಕ್ಕೋ, ಎಲ್ಲವನ್ನೂ ಎದುರಾಳಿ ಬ್ಲಾಕರ್ ಓದುವ ಹಾಗೆಯೇ ಓದಬೇಕು. ಓದಲು ಕಲಿತವನ ಕಣ್ಣು ತಾನಾಗಿ ನೆಟ್ ಬಿಟ್ಟು ಹಿಂದಕ್ಕೂ ಸರಿಯುತ್ತದೆ. ಕರಾವಳಿಯ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಉತ್ತಮ ಹೊಡೆತಗಾರನ ಜೊತೆಗೆ ಉತ್ತಮ ಎತ್ತುಗಾರನಿಗೂ ಬಹುಮಾನ ಕೊಡುತ್ತಾರೆ. ಬಯಲಿನ ಆ ಪ್ರೇಕ್ಷಕರಿಗೆ ಎತ್ತಿ ಕೊಡುವವನ ಬೆಲೆ ಗೊತ್ತು. ಶಾಲೆಯ ಆಲ್ಬಂಗಳಲ್ಲಿ ಎತ್ತುಗಾರ ಇಲ್ಲ. 1998ರಿಂದ ಅಂತರರಾಷ್ಟ್ರೀಯ ಆಟದಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ಬಂದಿರುವ ಲಿಬೆರೊ, ನೆಲಕ್ಕೆ ಬಿದ್ದು ಚೆಂಡು ಎತ್ತುವ, ಒಂದೂ ಹೊಡೆತ ಹೊಡೆಯದ ಆಟಗಾರ, ಅವನಂತೂ ಇಲ್ಲವೇ ಇಲ್ಲ. ಅಂಕಣದ ಹಿಂಬದಿ ಹಾಲ್‌ನ ಅತ್ಯಂತ ಕತ್ತಲೆಯ ಜಾಗ.

ವಾಲಿಬಾಲ್ ಹುಟ್ಟಿದ್ದೇ ಒಳಾಂಗಣದಲ್ಲಿ ಎಂಬುದು ಇಲ್ಲಿ ನೆನಪಾಗಬೇಕು. 1895ರಲ್ಲಿ ಅಮೆರಿಕದ ಹೋಲ್ಯೋಕ್‌ನ ವೈಎಂಸಿಎಯಲ್ಲಿ ವಿಲಿಯಂ ಮೋರ್ಗನ್ ಅದನ್ನು ಕಟ್ಟಿದ್ದು ಜಿಮ್‌ನೊಳಗೆ ಆಡಲೆಂದು. ಭಾರತಕ್ಕೆ ವೈಎಂಸಿಎ ಮೂಲಕವೇ ಬಂದ ಆಟ ಇಲ್ಲಿ ಗೋಡೆಯಿಲ್ಲದೆ ಬೆಳೆಯಿತು. ಎರಡು ಅಡಿಕೆ ಕಂಬ, ಒಂದು ನೆಟ್, ಸುಣ್ಣದ ಗೆರೆ, ಇಷ್ಟು ಸಾಕಾಯಿತು. ಬಯಲಿನಲ್ಲಿ ಸಂಜೆ ನಾಲ್ಕರ ಬಿಸಿಲು ಯಾರಿಗೂ ಬಿಲ್ಲು ಕಳಿಸದೆ ಹತ್ತಾರು ಸಾವಿರ ಲಕ್ಸ್ ಸುರಿಯುತ್ತಿತ್ತು, ಬಾಕ್ಸ್ ಕ್ಯಾಮೆರಾ ಕೂಡ ಹಾರಿದವನನ್ನು ಒಂದಿಷ್ಟು ಹಿಡಿಯುತ್ತಿತ್ತು. ಈಗ ನಗರಗಳಲ್ಲಿ ಬಯಲಿಲ್ಲ. ಆಟ ಮತ್ತೆ ಚಾವಣಿಯ ಕೆಳಗೆ ಹೋಗಿದೆ, ಅದೂ ಬೆಳಗ್ಗೆ ಪ್ರಾರ್ಥನೆಗೆ, ಮಧ್ಯಾಹ್ನ ಪರೀಕ್ಷೆಗೆ, ಸಂಜೆ ಮದುವೆಗೂ ಬಳಕೆಯಾಗುವ ಹಾಲ್‌ಗಳಿಗೆ. ಬೆಳಕು ಮಾತ್ರ ಒಳಗೆ ಬರಲಿಲ್ಲ.

ಹಾಗಾದರೆ ಬೆಳಕನ್ನೇ ಸರಿಮಾಡಿ, ಸ್ಟ್ರೋಬ್ ಯಾಕೆ ಎಂದು ಕೇಳಬಹುದು. ಇದು ಎಲ್ಲಕ್ಕಿಂತ ಒಳ್ಳೆಯ ವಾದ. 750 ಲಕ್ಸ್, ಮಿನುಗದ ಎಲ್‌ಇಡಿ, ಸಮನಾಗಿ ಹರಡಿದ್ದು, ಇಷ್ಟಾದರೆ ಸ್ಟ್ರೋಬ್‌ಗಳನ್ನು ಬಿಚ್ಚಿ ಮನೆಗೆ ಒಯ್ಯಬಹುದು. ಚೆಂಡು ಆಡುವವರಿಗೂ ಸರಿಯಾಗಿ ಕಾಣುತ್ತದೆ, ಅದೇ ಮೊದಲು ಬೇಕಾದದ್ದು. ಆದರೆ ಈ ವಾದ ಮಾಡುವವರಲ್ಲಿ ಎಷ್ಟು ಜನ ಆಡಳಿತ ಮಂಡಳಿಯ ಸಭೆಯಲ್ಲಿ ದೀಪದ ಟೆಂಡರ್ ಕೇಳಿದ್ದಾರೆ? ಬೆಳಕು ಬರುವ ತನಕ ಕಾಯಿರಿ ಎಂದು ಎಂಟನೇ ತರಗತಿಯ ಹುಡುಗಿಗೆ ಹೇಳಿದರೆ, ಬರುವಷ್ಟರಲ್ಲಿ ಅವಳು ಪಿಯುಸಿ ಮುಗಿಸಿ ಆಟ ಬಿಟ್ಟಿರುತ್ತಾಳೆ. ಆಟ ಬಿಡಿಸುವುದು ಮನೆಯಲ್ಲಿ ಸುಲಭ. ಹತ್ತನೇ ತರಗತಿ ಬಂತು, ಸಾಕು ಎಂದು ತಂದೆ ಹೇಳುತ್ತಾನೆ. ಅವನು ಹೋಟೆಲಿನ ಗಲ್ಲಾದಲ್ಲೋ ಫ್ಯಾಕ್ಟರಿ ಶಿಫ್ಟಿನಲ್ಲೋ ಇದ್ದು ಒಂದು ಪಂದ್ಯವನ್ನೂ ನೋಡಿರುವುದಿಲ್ಲ. ಮಗಳು ಏನು ಬಿಡುತ್ತಿದ್ದಾಳೆ ಎಂದು ಅವನಿಗೆ ತೋರಿಸಲು ಅವಳ ಬಳಿ ಇರುವುದು ಕಪ್ಪು ಹಿಡಿದ ಗುಂಪಿನ ಎರಡನೇ ಸಾಲಿನಲ್ಲಿ ಅರ್ಧ ಕಂಡ ಒಂದು ಮುಖ. ಹಾರಿದ ಚಿತ್ರ ಒಂದಿದ್ದರೆ ಆ ಮನೆಯ ಮಾತು ಬೇರೆಯಾಗುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಇಲ್ಲದಿದ್ದರೆ ಮಾತೇ ಶುರುವಾಗುವುದಿಲ್ಲ.

ಚಿತ್ರ ಚೆನ್ನಾಗಿ ಬಂದಷ್ಟೂ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದಾಗುತ್ತದೆ, ಇದನ್ನು ಸ್ಟ್ರೋಬ್ ಪರವಾದವರು ಮುಚ್ಚಿಡಬಾರದು. ಮಸಕು ಚಿತ್ರದಲ್ಲಿ ಹುಡುಗಿಗೆ ಒಂದು ರಕ್ಷಣೆಯಿತ್ತು; ಯಾರೆಂದು ತಿಳಿಯುತ್ತಿರಲಿಲ್ಲ. ಸ್ಪಷ್ಟ ಚಿತ್ರದಲ್ಲಿ ಮುಖ, ಅಂಗಿಯ ಮೇಲಿನ ಶಾಲೆಯ ಹೆಸರು, ಸಂಖ್ಯೆ ಎಲ್ಲ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವೈಯಕ್ತಿಕ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳಬೇಕಾದದ್ದೇ. ಬಗ್ಗಿ ನಿಂತಾಗ ಹಿಂದಿನಿಂದ ತೆಗೆದ ಚಿತ್ರ, ಅಂಗಿ ಮೇಲೆದ್ದ ಚಿತ್ರ, ಇವನ್ನು ಶಾಲೆಗೆ ಕೊಡುವ ಮೊದಲೇ ಅಳಿಸಿಹಾಕುವುದು ಛಾಯಾಗ್ರಾಹಕನ ಕೆಲಸ. ಅಳಿಸದವನಿಗೆ ಮುಂದಿನ ವರ್ಷ ಬಾಗಿಲಿಲ್ಲ. ಚಿತ್ರಗಳು ಮೊದಲು ಮಕ್ಕಳ ಕೈಗೆ, ಆಮೇಲೆ ಶಾಲೆಯ ಗೋಡೆಗೆ. ಫೇಸ್‌ಬುಕ್ಕಿಗೆ ಕೊನೆಯಲ್ಲಿ, ಒಪ್ಪಿದವರದ್ದು ಮಾತ್ರ.

ಪಂದ್ಯಾವಳಿಯ ಸುತ್ತೋಲೆಗಳು ಮಳೆಗಾಲದಲ್ಲಿ ಹೊರಡುತ್ತವೆ. ಅಂಗಿಯ ಬಣ್ಣ, ವಯಸ್ಸಿನ ದಾಖಲೆ, ಊಟದ ಕೂಪನ್ನು, ಎಲ್ಲದಕ್ಕೂ ಅದರಲ್ಲಿ ಕಲಮುಗಳಿರುತ್ತವೆ. ಛಾಯಾಗ್ರಹಣಕ್ಕೂ ಒಂದು ಕಲಮು ಇರಲಿ. ಹಿಂದಿನ ದಿನವೇ ದೀಪ ಕಟ್ಟಿ ಸಂಘಟಕರಿಗೆ ತೋರಿಸುವುದು, ಅಭ್ಯಾಸದ ಹೊತ್ತಿನಲ್ಲಿ ನಾಲ್ಕು ಬಾರಿ ಮಿಂಚಿಸಿ ಎರಡೂ ತಂಡಗಳ ನಾಯಕರನ್ನು ಕೇಳುವುದು, ಮೊದಲ ರೆಫರಿ ಕೈಯೆತ್ತಿದ ಕ್ಷಣ ಕಾರಣ ಕೇಳದೆ ಆರಿಸುವುದು, ಇಷ್ಟನ್ನು ಬರೆಯಲು ಅರ್ಧ ಪುಟ ಸಾಕು. ಉಳಿದ ಅರ್ಧ ಪುಟದಲ್ಲಿ ಇನ್ನೊಂದನ್ನೂ ಬರೆಯಬಹುದು: ಮುಖ್ಯ ಅತಿಥಿಯ ಕ್ಯಾಮೆರಾದವರು ಮಕ್ಕಳ ಮುಖದಿಂದ ಹತ್ತು ಅಡಿ ದೂರ ನಿಲ್ಲತಕ್ಕದ್ದು, ಫ್ಲ್ಯಾಷ್ ಆರಿಸಿ.